ಪುಣೆಯಿಂದ ಊರಿಗೆ ಬೈಕ್: ಪಿಕಪ್ಪಿಗೆ ಏರಿಸಲು ಎಂಥ ರ‍್ಯಾಂಪ್ ಬೇಕು?

ಪುಣೆಯ ಬಾಡಿಗೆ ಮನೆ ಖಾಲಿ ಮಾಡಿ ಹುಬ್ಬಳ್ಳಿ, ವಿಜಯಪುರ, ಕಲಬುರಗಿ ಕಡೆ ಹೊರಟವರ ಸಾಮಾನಿನಲ್ಲಿ ಅತಿ ಹೆಚ್ಚು ತಲೆನೋವು ಕೊಡುವುದು ಬೈಕು. ಬೀರು, ಫ್ರಿಜ್‌ಗಳನ್ನು ಹಮಾಲರು ಎತ್ತಿ ಇಟ್ಟುಬಿಡುತ್ತಾರೆ. ಸ್ಪ್ಲೆಂಡರ್‌ನಂಥ 112 ಕಿಲೋದ ಗಾಡಿಯನ್ನೂ ನಾಲ್ಕು ಜನ ಸೇರಿ ಎತ್ತಿಯಾರು. ಆದರೆ 195 ಕಿಲೋದ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ಗೆ ಹಿಡಿದೆತ್ತಲು ಸರಿಯಾದ ಜಾಗವೇ ಇಲ್ಲ. ಸೈಲೆನ್ಸರ್, ಇಂಡಿಕೇಟರ್, ಮಡ್‌ಗಾರ್ಡ್ ಎಂದು ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾರೆ, ಅದೇ ಮುರಿಯುತ್ತದೆ. ಆದ್ದರಿಂದ ರ‍್ಯಾಂಪ್ ಬೇಕೇ ಬೇಕು.

ರ‍್ಯಾಂಪ್ ಕೊಳ್ಳಲು ಹೋದವರು ಮೊದಲು ಕೇಳುವುದು "ಎಷ್ಟು ಕಿಲೋ ತಡೆಯುತ್ತೆ?" ಎಂದು. ಅದನ್ನು ಆಮೇಲೆ ಕೇಳಿದರೂ ನಡೆಯುತ್ತದೆ. ಗಟ್ಟಿಯಾಗಿದ್ದೂ ಗಿಡ್ಡವಾಗಿರುವ ರ‍್ಯಾಂಪ್‌ಗಳೇ ಹೆಚ್ಚು ಬೈಕ್ ಬೀಳಿಸುವುದು. ಮೊದಲು ನೋಡಬೇಕಾದದ್ದು ಉದ್ದ, ಉದ್ದ ಗೊತ್ತಾಗಲು ಬೇಕಾದದ್ದು ಪಿಕಪ್ಪಿನ ಎತ್ತರ.

ಎತ್ತರ ಅಳೆಯುವುದು

ಟೆಂಪೊ ಬುಕ್ ಮಾಡುವಾಗಲೇ ಚಾಲಕನಿಗೆ ಹೇಳಿ, ನೆಲದಿಂದ ಬಾಡಿಯ ತಳದ ಹಲಗೆಯ ಮೇಲ್ಮೈವರೆಗೆ ಟೇಪ್ ಹಿಡಿಸಿ ಫೋಟೊ ತರಿಸಿಕೊಳ್ಳಿ. ಒಂದೇ ಮಾಡೆಲ್‌ನ ಎರಡು ಗಾಡಿಗಳಲ್ಲೂ ಈ ಅಳತೆ ಬೇರೆಯಿರುತ್ತದೆ: ಒಬ್ಬರು ಪಾಟಾ (ಚಕ್ರದ ಮೇಲಿನ ಸ್ಪ್ರಿಂಗ್ ಪಟ್ಟಿ) ಹೆಚ್ಚಿಸಿರುತ್ತಾರೆ, ಇನ್ನೊಬ್ಬರು ತಳಕ್ಕೆ ಮೇಲೊಂದು ಹಲಗೆ ಹೊಡೆಸಿರುತ್ತಾರೆ. ಖಾಲಿ ಗಾಡಿಯ ಹಿಂಭಾಗ ಪಾಟಾ ಮೇಲೆ ಎದ್ದು ನಿಂತಿರುತ್ತದೆ, ಭಾರ ಬಿದ್ದಾಗ ತಗ್ಗುತ್ತದೆ. ಹಾಗಾಗಿ ಭಾರದ ಸಾಮಾನಿದ್ದರೆ ಅದನ್ನು ಮೊದಲು ಹೇರಿ, ಬೈಕನ್ನು ಕೊನೆಗೆ ಏರಿಸಿ. ಎರಡು ಬೆರಳು ಇಳಿದರೂ ಲಾಭವೇ. ಲೆಕ್ಕ ಮಾತ್ರ ಖಾಲಿ ಗಾಡಿಯ ಎತ್ತರಕ್ಕೇ ಹಾಕಿ.

ಬಾಡಿಯ ಉದ್ದವನ್ನೂ ಆಗಲೇ ಕೇಳಿಬಿಡಿ. ಛೋಟಾ ಹಾಥಿಯ (ಟಾಟಾ ಏಸ್) ಬಾಡಿ 7 ಅಡಿ ಆಸುಪಾಸು. ಕ್ಲಾಸಿಕ್ 350 ಉದ್ದವೂ 7 ಅಡಿ ಮುಟ್ಟುತ್ತದೆ. ನೇರ ನಿಲ್ಲಿಸಿದರೆ ಹಿಂದಿನ ಬಾಗಿಲು ಹಾಕಲಿಕ್ಕಾಗದೆ ಹೋಗಬಹುದು, ಓರೆಯಾಗಿ ನಿಲ್ಲಿಸಬೇಕಾಗುತ್ತದೆ. ಬೈಕಿನ ಜೊತೆ ಮನೆ ಸಾಮಾನೂ ಇದ್ದರೆ ಬೊಲೆರೊ ಪಿಕಪ್‌ನಂಥ ಉದ್ದ ಬಾಡಿಯ ಗಾಡಿಯೇ ವಾಸಿ.

ಎಷ್ಟು ಉದ್ದ?

ಬಾಡಿಯ ಎತ್ತರ 80 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಎತ್ತರವನ್ನು ರ‍್ಯಾಂಪಿನ ಉದ್ದದಿಂದ ಭಾಗಿಸಿ ಬೈಕಿನ ತೂಕದಿಂದ ಗುಣಿಸಿದರೆ, ಬೈಕ್ ಹಿಂದಕ್ಕೆ ಜಾರದಂತೆ ಎಷ್ಟು ಬಲ ಕೊಡಬೇಕೆಂದು ಸಿಗುತ್ತದೆ. ಕ್ಲಾಸಿಕ್ 350ಗೆ ಈ ಲೆಕ್ಕ ಹೀಗೆ ಬರುತ್ತದೆ:

6 ಅಡಿ ರ‍್ಯಾಂಪ್: ಇಳಿಜಾರು 26 ಡಿಗ್ರಿ, ಬೇಕಾದ ಬಲ 85 ಕಿಲೋ
7 ಅಡಿ: 22 ಡಿಗ್ರಿ, 73 ಕಿಲೋ
8 ಅಡಿ: 19 ಡಿಗ್ರಿ, 64 ಕಿಲೋ
10 ಅಡಿ: 15 ಡಿಗ್ರಿ, 51 ಕಿಲೋ

ಇದು ನಿಂತಲ್ಲಿ ಹಿಡಿದಿಡಲು ಬೇಕಾದ ಬಲ. ಮೇಲಕ್ಕೆ ತಳ್ಳಲು ಇನ್ನಷ್ಟು ಬೇಕು. ಇಬ್ಬರು ಸಾಮಾನ್ಯ ಜನ ಚಪ್ಪಲಿ ಹಾಕಿಕೊಂಡು, ಬಗ್ಗಿ, ಇಳಿಜಾರಿನಲ್ಲಿ 85 ಕಿಲೋ ತಳ್ಳುವುದು ಕಷ್ಟ. 64 ಕಿಲೋ ಆಗುವ ಮಾತು.

ಗಿಡ್ಡ ರ‍್ಯಾಂಪಿನ ಇನ್ನೊಂದು ತೊಂದರೆ ಮೇಲಿನ ಅಂಚಿನಲ್ಲಿ ಕಾದಿರುತ್ತದೆ. ಮುಂದಿನ ಚಕ್ರ ಬಾಡಿಯೊಳಗೆ ಹೋಗಿ, ಹಿಂದಿನದು ಇನ್ನೂ ರ‍್ಯಾಂಪಿನ ಮೇಲಿರುವಾಗ, ಬಾಡಿಯ ಅಂಚು ಎಂಜಿನ್ನಿನ ಹೊಟ್ಟೆಯ ಕಡೆಗೆ ಏಳುತ್ತದೆ. ಕ್ಲಾಸಿಕ್‌ನ ಎರಡು ಚಕ್ರಗಳ ನಡುವಿನ ಅಂತರ 1390 ಮಿಮೀ, ನೆಲದಿಂದ ಹೊಟ್ಟೆಗೆ 170 ಮಿಮೀ. 6 ಅಡಿ ರ‍್ಯಾಂಪಿನಲ್ಲಿ ಅಂಚು ಸುಮಾರು 160 ಮಿಮೀ ಮೇಲೇಳುತ್ತದೆ. ಉಳಿಯುವುದು ಒಂದು ಸೆಂಟಿಮೀಟರ್, ಸಸ್ಪೆನ್ಶನ್ ಕೊಂಚ ಕುಗ್ಗಿದರೂ ಬಡಿಯುತ್ತದೆ. 8 ಅಡಿಯಲ್ಲಿ ಅದು 117 ಮಿಮೀ ಮಾತ್ರ, ನಿಶ್ಚಿಂತೆ. ಹೊಟ್ಟೆ ಅಂಚಿಗೆ ಕೂತ ಬೈಕನ್ನು ಹಿಂದಕ್ಕೂ ತರಲಾಗದೆ, ಮುಂದಕ್ಕೂ ಒಯ್ಯಲಾಗದೆ ಮೂವರು ಬೆವರುವ ದೃಶ್ಯ ಪ್ಯಾಕರ್ಸ್‌ನವರಿಗೆ ಚೆನ್ನಾಗಿ ಗೊತ್ತು.

ಹಾಗಾದರೆ 10 ಅಡಿಯೇ ಇರಲಿ ಅನ್ನಬಹುದು. ಜಾಗ ನೋಡಿ. ಹಳೇ ಪುಣೆಯ ಪೇಠಗಳ ಗಲ್ಲಿಯಲ್ಲಿ ಪಿಕಪ್ ನಿಲ್ಲಿಸಿ ಹಿಂದೆ 10 ಅಡಿ ರ‍್ಯಾಂಪ್, ಅದರ ಹಿಂದೆ ಬೈಕ್ ಸಾಲಾಗಿ ನಿಲ್ಲಿಸಲು ಎಲ್ಲಿದೆ ಜಾಗ? ಊರಲ್ಲಿ ಇಳಿಸಲು ರ‍್ಯಾಂಪೂ ಜೊತೆಗೇ ಹೋಗಬೇಕು, 10 ಅಡಿಯದು ಹೆಚ್ಚಿನ ಬಾಡಿಗಳಲ್ಲಿ ಹಿಡಿಸುವುದಿಲ್ಲ. ನಮ್ಮ ಪಿಕಪ್‌ಗಳಿಗೆ 8 ಅಡಿ ಸರಿಯಾದ ಅಳತೆ. ಬರೀ ಸ್ಕೂಟರ್, 110 ಸಿಸಿ ಗಾಡಿಗಳಿಗೆ 7 ಅಡಿಯಲ್ಲೂ ಕೆಲಸ ಆಗುತ್ತದೆ.

ರ‍್ಯಾಂಪ್ ಉದ್ದ ಮಾಡದೆಯೇ ಇಳಿಜಾರು ಕಡಿಮೆ ಮಾಡುವ ದಾರಿಯೊಂದಿದೆ: ನೆಲವನ್ನು ಆರಿಸಿಕೊಳ್ಳುವುದು. ಗಾಡಿ ರಸ್ತೆಯಲ್ಲಿದ್ದು ರ‍್ಯಾಂಪಿನ ಬುಡ 15 ಸೆಂಟಿಮೀಟರ್ ಎತ್ತರದ ಫುಟ್‌ಪಾತ್ ಮೇಲಿದ್ದರೆ 8 ಅಡಿ ರ‍್ಯಾಂಪಿನ ಇಳಿಜಾರು 19ರಿಂದ 15 ಡಿಗ್ರಿಗೆ ಇಳಿಯುತ್ತದೆ. ಎರಡು ಅಡಿ ಉದ್ದ ಪುಕ್ಕಟೆ ಸಿಕ್ಕಂತೆ. ಕಾತ್ರಜ್, ಆಂಬೇಗಾಂವ್ ಕಡೆಯ ಏರುರಸ್ತೆಗಳಲ್ಲಿ ಪಿಕಪ್ಪಿನ ಮೂತಿ ಇಳಿಜಾರಿನ ಕೆಳಗೆ, ಹಿಂಭಾಗ ಮೇಲಕ್ಕೆ ಬರುವಂತೆ ನಿಲ್ಲಿಸಿದರೂ ಇದೇ ಲಾಭ. ಆದರೆ ಹ್ಯಾಂಡ್‌ಬ್ರೇಕ್ ಒಂದನ್ನೇ ನಂಬಬೇಡಿ. ಗಾಡಿಯನ್ನು ರಿವರ್ಸ್ ಗೇರಿನಲ್ಲಿಟ್ಟು, ಚಕ್ರಗಳ ಮುಂದೆ ಕಲ್ಲು ಕೊಡಿ.

ಅಗಲ, ಮತ್ತು ತಳ್ಳುವವನ ಕಾಲು

ಬೈಕಿನ ಟೈರ್ 12 ಸೆಂಟಿಮೀಟರ್ ಅಗಲ. ರ‍್ಯಾಂಪಿಗೆ 30 ಸೆಂಟಿಮೀಟರ್ ಸಾಕು. ಆದರೆ ಹ್ಯಾಂಡಲ್ ಹಿಡಿದವನು ಎಲ್ಲಿ ಕಾಲಿಡುತ್ತಾನೆ? ಅರ್ಧ ದಾರಿಯಲ್ಲಿ ಅವನ ಹೆಗಲ ಮಟ್ಟಕ್ಕೆ ಹ್ಯಾಂಡಲ್ ಬಂದಿರುತ್ತದೆ, ಅವನ ಕಾಲು ಇನ್ನೂ ನೆಲದ ಮೇಲಿರುತ್ತದೆ. ಬೈಕ್ ವಾಲುವುದು ಇಲ್ಲೇ. ಹಾಗಾಗಿ ಪಕ್ಕದಲ್ಲಿ ಇನ್ನೊಂದು ನಡಿಗೆ ಹಲಗೆ ಬೇಕು. ಅದಕ್ಕೆ ಬೈಕಿನ ಭಾರ ಬರುವುದಿಲ್ಲ, 25 ಸೆಂಟಿಮೀಟರ್ ಅಗಲ, ಒಬ್ಬ ಮನುಷ್ಯನನ್ನು ಹೊರುವಷ್ಟು ಗಟ್ಟಿಯಿದ್ದರೆ ಆಯಿತು. ಹ್ಯಾಂಡಲ್ ಹಿಡಿದವನು ಸಾಮಾನ್ಯವಾಗಿ ಎಡಗಡೆ ಇರುತ್ತಾನೆ, ಹಲಗೆಯೂ ಎಡಕ್ಕೆ.

ಆನ್‌ಲೈನ್‌ನಲ್ಲಿ 4 ಅಡಿ ಅಗಲದ ರ‍್ಯಾಂಪ್‌ಗಳ ಫೋಟೊ ನೋಡಿ ಆಸೆಪಡಬೇಡಿ. ಅವು ಎಟಿವಿ, ಸ್ನೋಮೊಬೈಲ್‌ನಂಥ ಅಗಲ ಗಾಡಿಗಳಿಗೆ ಮಾಡಿದವು. ನಮ್ಮ ಲಿಫ್ಟಿನಲ್ಲೂ ಹೋಗವು.

ರೆಡಿಮೇಡ್ ಅಲ್ಯೂಮಿನಿಯಂ ರ‍್ಯಾಂಪ್

ಅಲ್ಯೂಮಿನಿಯಂ ಕಬ್ಬಿಣದ ಮೂರನೇ ಒಂದು ಭಾಗ ತೂಗುತ್ತದೆ, ಮಡಚಬಹುದು, ತುಕ್ಕಿಲ್ಲ. ಮತ್ತೆ ಮತ್ತೆ ಬೈಕ್ ಸಾಗಿಸುವ ಗ್ಯಾರೇಜಿನವರಿಗೆ, ರೇಸಿಂಗ್ ಹುಡುಗರಿಗೆ ಇದೇ ಸರಿ. ಕೊಳ್ಳುವಾಗ ಮೂರು ವಿಷಯ ಗಮನಿಸಿ. ಒಂದು, ಅದರ ಮೇಲೆ ಬರೆದ ಭಾರ ಜೋಡಿಗೋ ಒಂದಕ್ಕೋ ನೋಡಿ. ಜೋಡಿಗೆ 340 ಕಿಲೋ ಎಂದಿದ್ದರೆ ಒಂದಕ್ಕೆ 170, ಅದರ ಮೇಲೆ ಕ್ಲಾಸಿಕ್ ಏರಿಸುವಂತಿಲ್ಲ. ಎರಡು, ಉದ್ದ ಬಿಚ್ಚಿದಾಗಿನದೋ ಎಂದು ಕೇಳಿ. ಮೂರು, ಮಡಚುವ ಕೀಲು ರ‍್ಯಾಂಪಿನ ಕೆಳಮೈಯಲ್ಲಿರಬೇಕು. ಭಾರ ಬಿದ್ದಾಗ ಕೆಳಮೈ ಹಿಗ್ಗಲು ನೋಡುತ್ತದೆ, ಮೇಲ್ಮೈಯ ಎರಡು ತುದಿಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಕೀಲು ಕೆಳಗಿದ್ದರೆ ಭಾರವೇ ರ‍್ಯಾಂಪನ್ನು ಬಿಗಿಯಾಗಿಸುತ್ತದೆ. ಮೇಲಿದ್ದರೆ ನಡುವೆ ಬಾಯಿ ಬಿಟ್ಟು ಕುಸಿಯುತ್ತದೆ.

ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಮಾಡಿಸುವುದು

ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಸುತ್ತಮುತ್ತ ವೆಲ್ಡಿಂಗ್ ಅಂಗಡಿಗಳಿಗೆ ಬರವಿಲ್ಲ, ಗ್ರಿಲ್ ಮಾಡುವವರೂ ಮಾಡಿಕೊಡುತ್ತಾರೆ. "ಒಂದು ರ‍್ಯಾಂಪ್ ಮಾಡಿಕೊಡಿ" ಎಂದಷ್ಟೇ ಹೇಳಿದರೆ 40×40×5 ಮಿಮೀ ಆ್ಯಂಗಲ್ (L ಆಕಾರದ ಕಬ್ಬಿಣದ ಪಟ್ಟಿ) ಎರಡು ಬದಿಗೆ, ಮೇಲೆ 3 ಮಿಮೀ ಚೆಕರ್ ಪ್ಲೇಟ್ ಹೊಡೆದುಕೊಡುತ್ತಾರೆ. 33 ಕಿಲೋ ದಾಟುತ್ತದೆ. ತೂಕ ನೋಡಿ ಗಟ್ಟಿ ಅಂದುಕೊಳ್ಳಬೇಡಿ. ಆ ಆ್ಯಂಗಲ್ ಮೀಟರಿಗೆ 3 ಕಿಲೋ. 60×40 ಬಾಕ್ಸ್ ಪೈಪ್, 2 ಮಿಮೀ ದಪ್ಪದ್ದು, ಅದೂ ಮೀಟರಿಗೆ 3 ಕಿಲೋ. ಆದರೆ 60ರ ಬದಿ ನಿಲ್ಲಿಸಿ ಹಾಕಿದರೆ ಬಾಗುವಿಕೆಗೆ ಪೈಪು ಆ್ಯಂಗಲ್‌ನ ಮೂರು ಪಟ್ಟಿಗೂ ಹೆಚ್ಚು ಬಲ ಕೊಡುತ್ತದೆ. ಅಂಗಡಿಯವನಿಗೆ ಆ್ಯಂಗಲ್ ಕೈಗೆ ಹತ್ತಿರ ಇರುತ್ತದೆ, ನೀವು ಪೈಪಿಗೇ ಹಟ ಹಿಡಿಯಿರಿ.

ಲೆಕ್ಕ ಹೀಗಿದೆ. 60×40ರ ಒಂದು ಪೂರ್ತಿ ಲೆಂತ್ 6 ಮೀಟರ್, ಅದರಲ್ಲಿ 8 ಅಡಿಯ ಎರಡು ತುಂಡು ಬಂದು ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು ಉಳಿಯುತ್ತದೆ. ಉಳಿದದ್ದರಲ್ಲಿ ಎರಡು ತುದಿಯ ಅಡ್ಡಪಟ್ಟಿ ಆಗುತ್ತವೆ. ನಡುವೆ ಏಣಿಯಂತೆ ಅಡ್ಡ ಬರುವ ಮೆಟ್ಟಿಲಿಗೆ 25×25×2 ಪೈಪ್, ಅದೂ ಒಂದೇ ಲೆಂತ್ ಸಾಕು: 22 ಸೆಂಟಿಮೀಟರಿನ 24 ತುಂಡು. ಒಂದರ ನಡುಮಧ್ಯದಿಂದ ಇನ್ನೊಂದರ ನಡುಮಧ್ಯಕ್ಕೆ 10 ಸೆಂಟಿಮೀಟರ್ ಅಂತರ. ಮೆಟ್ಟಿಲುಗಳನ್ನು ಬದಿಯ ಪೈಪಿನ ಮೇಲ್ಮಟ್ಟಕ್ಕಿಂತ ಒಂದು ಬೆರಳು ತಗ್ಗಿಸಿ ಕೂರಿಸಿದರೆ ಬದಿಯ ಪೈಪೇ ಅಂಚುಕಟ್ಟಿನಂತೆ ಟೈರನ್ನು ತಡೆಯುತ್ತದೆ. ಮೆಟ್ಟಿಲ ನಡುವಿನ ಸಂದು 15 ಸೆಂಟಿಮೀಟರ್ ಮಾಡಿದರೆ ಸ್ಕೂಟರಿನ ಸಣ್ಣ ಚಕ್ರ ಪ್ರತಿ ಸಂದಿನಲ್ಲೂ ಒಂದೂವರೆ ಸೆಂಟಿಮೀಟರ್ ಇಳಿಯುತ್ತದೆ, ತಳ್ಳುವವನಿಗೆ ಪ್ರತಿ ಹೆಜ್ಜೆಗೂ ಜಗ್ಗಾಟ. ಸಂದು ಏಳೂವರೆ ಸೆಂಟಿಮೀಟರ್ ಇದ್ದರೆ ಅದು ಗೊತ್ತೇ ಆಗದು. ಎಲ್ಲ ಸೇರಿ 25 ಕಿಲೋ ಆಸುಪಾಸು, ಒಬ್ಬನೇ ಹೊತ್ತು ತರಬಹುದು.

ದಪ್ಪದ ವಿಷಯದಲ್ಲಿ ಮೋಸ ಸುಲಭ. 2 ಮಿಮೀ ಅಂದರೆ 14 ಗೇಜ್. 16 ಗೇಜ್‌ನ ತೆಳು ಪೈಪೂ ಹೊರಗಿನಿಂದ ನೋಡಲು ಹಾಗೇ ಇರುತ್ತದೆ. ಕೊಯ್ಯುವ ಮೊದಲು ಪೂರ್ತಿ ಲೆಂತನ್ನು ತಕ್ಕಡಿಗೆ ಹಾಕಿಸಿ: 14 ಗೇಜ್ ಆದರೆ 18 ಕಿಲೋ ಹತ್ತಿರ, 16 ಆದರೆ 15 ಕಿಲೋ ಒಳಗೆ.

ಕೆಳತುದಿಯನ್ನು ಓರೆ ಕೊಯ್ಯಿಸಿ. ಹಾಗೇ ಬಿಟ್ಟರೆ ರ‍್ಯಾಂಪಿನ ಬುಡದಲ್ಲೇ ಎರಡು ಇಂಚಿಗೂ ಮೀರಿದ ಮೆಟ್ಟಿಲು ಎದುರಾಗುತ್ತದೆ. 60 ಮಿಮೀ ಪೈಪಿಗೆ 19 ಡಿಗ್ರಿಯ ಓರೆ ಬರಲು ಕೆಳಗಿನ ಸುಮಾರು 17 ಸೆಂಟಿಮೀಟರ್ ಭಾಗ ಕೊಯ್ಯಬೇಕು. ಕೊಯ್ದ ಬಾಯಿಗೆ ಪಟ್ಟಿ ಹಚ್ಚಿ ಮುಚ್ಚಿಸಿ, ಅದರಡಿ ಹಳೇ ಟೈರಿನ ತುಂಡು ಬೋಲ್ಟ್ ಮಾಡಿಸಿ. ಸೊಸೈಟಿ ಪಾರ್ಕಿಂಗಿನ ನುಣುಪು ಪೇವರ್ ಬ್ಲಾಕ್ ಮೇಲೆ ಬರಿ ಕಬ್ಬಿಣ ಜಾರುತ್ತದೆ.

ಮೇಲ್ತುದಿಯಲ್ಲಿ ಬಾಡಿಯ ತಳದ ಮೇಲೆ ಕೂರುವ ತುಟಿ ಬೇಕು: 6 ಮಿಮೀ ಪಟ್ಟಿ, ಒಳಕ್ಕೆ ಕನಿಷ್ಠ 8 ಸೆಂಟಿಮೀಟರ್ ಚಾಚಿರಬೇಕು, ರ‍್ಯಾಂಪಿನ ಇಳಿಜಾರಿಗೆ ತಕ್ಕಂತೆ ಬಗ್ಗಿರಬೇಕು. ಬೇರೆ ಬೇರೆ ಎತ್ತರದ ಗಾಡಿಗಳಿಗೆ ಬಳಸುವುದಾದರೆ ತುಟಿಗೆ ಕೀಲು ಹಾಕಿಸಿ. ಇಷ್ಟೇ ಸಾಲದು. ತುಟಿಯ ಪಕ್ಕದಲ್ಲಿ ಎರಡು ಉಂಗುರ ಬೆಸೆಯಿಸಿ, ಅಲ್ಲಿಂದ ಸರಪಳಿ ಅಥವಾ ರ‍್ಯಾಚೆಟ್ ಬೆಲ್ಟನ್ನು (ಹಿಡಿ ಆಡಿಸಿ ಬಿಗಿಯುವ ಪಟ್ಟಿ) ಪಿಕಪ್ಪಿನ ಚಾಸಿಗೆ ಬಿಗಿಯಬೇಕು. ಹಿಂದಿನ ಚಕ್ರ ರ‍್ಯಾಂಪ್ ಹತ್ತುವಾಗ ಕೊಂಚ ತಡವರಿಸಿದರೂ ರ‍್ಯಾಂಪನ್ನು ಹಿಂದಕ್ಕೆ ಒದೆಯುತ್ತದೆ. ಸರಪಳಿ ಇಲ್ಲದ ರ‍್ಯಾಂಪ್ ತುಟಿಸಮೇತ ಜಾರಿ ಬೀಳುವುದು ಆಗಲೇ. ಇನ್ನೊಂದು: ಸರಪಳಿಯಲ್ಲಿ ಅಡ್ಡ ನಿಲ್ಲುವ ಹಿಂಬಾಗಿಲಿದ್ದರೆ ಅದರ ಮೇಲೆ ರ‍್ಯಾಂಪ್ ಇಡಬೇಡಿ, ಅದರ ಕೀಲುಗಳು ಈ ಭಾರಕ್ಕೆ ಮಾಡಿದವಲ್ಲ. ಬಾಗಿಲನ್ನು ಪೂರ್ತಿ ಕೆಳಗೆ ಇಳಿಬಿಟ್ಟು, ತುಟಿಯನ್ನು ತಳದ ಮೇಲೇ ಕೂರಿಸಿ.

ಬಣ್ಣ: ಮೊದಲು ರೆಡ್ ಆಕ್ಸೈಡ್, ಮೇಲೆ ಆಯಿಲ್ ಪೇಂಟ್, ಪೇಂಟ್ ಹಸಿಯಿರುವಾಗಲೇ ಮೆಟ್ಟಿಲುಗಳ ಮೇಲೆ ಜರಡಿ ಹಿಡಿದ ಮರಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಬರಿ ಪೇಂಟ್ ಸೋಪಿನಂತಾಗುತ್ತದೆ.

ಮರದ ಹಲಗೆಯಾದರೆ?

ಭವಾನಿ ಪೇಠದ ಟಿಂಬರ್ ಮಾರ್ಕೆಟ್ಟಿನಲ್ಲಿ 2 ಇಂಚು ದಪ್ಪ, 10 ಇಂಚು ಅಗಲದ ಸಾಲ್ ಮರದ ಹಲಗೆ ಸಿಕ್ಕರೆ ಒಂದು ಸಲದ ಕೆಲಸಕ್ಕೆ ಸಾಕು. ಗಂಟಿಲ್ಲದ್ದು, ನೇರ ಎಳೆಯದ್ದು ಆರಿಸಿ. ಕಟ್ಟಡದವರ ಸೆಂಟ್ರಿಂಗ್ ಹಲಗೆ ಮಾತ್ರ ಬೇಡ, ಅದು ತೆಳು. ದಪ್ಪ ಅರ್ಧಕ್ಕಿಳಿದರೆ ಬಲ ಕಾಲುಭಾಗಕ್ಕಿಳಿಯುತ್ತದೆ, ಮೇಲೆ ಮೊಳೆಯ ತೂತುಗಳು, ಒಳಗೆ ಕಾಣದ ಬಿರುಕುಗಳು.

ಪರೀಕ್ಷೆ

ಅಂಗಡಿಯಲ್ಲೇ ಮಾಡಿಸಿ. ರ‍್ಯಾಂಪಿನ ಎರಡೂ ತುದಿಗೆ ಒಂದೊಂದು ಇಟ್ಟಿಗೆ ಕೊಟ್ಟು ಅಡ್ಡ ಮಲಗಿಸಿ, ಮುರಿದರೂ ಅರ್ಧ ಅಡಿಯೊಳಗೇ ಬೀಳುತ್ತದೆ. ನಡುವಿಗೆ 50 ಕಿಲೋದ ಐದು ಸಿಮೆಂಟ್ ಚೀಲ ಹೇರಿ. ಮೇಲೆ ಹೇಳಿದ ಪೈಪಿನ ರ‍್ಯಾಂಪ್ ಸುಮಾರು ಒಂದು ಸೆಂಟಿಮೀಟರ್ ತಗ್ಗುತ್ತದೆ, ಇದಕ್ಕೆ ಹೆದರಬೇಕಿಲ್ಲ. ಚೀಲ ತೆಗೆದ ಮೇಲೆ ನೂಲು ಹಿಡಿದು ನೋಡಿ: ಪೂರ್ತಿ ನೆಟ್ಟಗಾಗಿರಬೇಕು. ಚೂರು ಬಾಗು ಉಳಿದರೂ ಅದು ಈ ಭಾರ ತಡೆದಿಲ್ಲ ಎಂದೇ ಅರ್ಥ. ಬೆಸುಗೆಯ ಮೇಲಿನ ಕಿಟ್ಟವನ್ನು ಸುತ್ತಿಗೆಯಿಂದ ಉದುರಿಸಿ, ಕೆಳಗೆ ಬಿರುಕು, ತೂತು ಇದೆಯೇ ನೋಡಿ.

ಏರಿಸುವ ದಿನ

ಮೂವರು ಬೇಕು. ಒಬ್ಬ ಹ್ಯಾಂಡಲ್ ಹಿಡಿದು ನಡಿಗೆ ಹಲಗೆಯ ಮೇಲೆ, ಒಬ್ಬ ಹಿಂದಿನಿಂದ ತಳ್ಳಲು, ಇನ್ನೊಬ್ಬ ಬಾಡಿಯೊಳಗೆ ನಿಂತು ಬೆಲ್ಟ್ ಎಳೆಯಲು. ಬೆಲ್ಟನ್ನು ಮುಂದಿನ ಫೋರ್ಕ್ ಜೋಡಿಸುವ ಕೆಳಗಿನ ಟೀಗೆ ಸುತ್ತಿ, ಹ್ಯಾಂಡಲ್ಲಿಗಾಗಲಿ ಮಡ್‌ಗಾರ್ಡಿಗಾಗಲಿ ಬೇಡ. ಹಿಂದೆ ಇರುವವನು ಪಕ್ಕಕ್ಕೆ ಓರೆಯಾಗಿ ನಿಲ್ಲಲಿ, ಬೈಕ್ ಜಾರಿದರೆ ತಪ್ಪಿಸಿಕೊಳ್ಳಲು ದಾರಿಯಿರಲಿ. ಮಾತು ಒಬ್ಬನದೇ ಇರಲಿ. ಹಮಾಲರು ಮರಾಠಿಯವರಾದರೆ "ಥಾಂಬಾ" ಅಂದರೆ ಮೂವರೂ ನಿಲ್ಲಬೇಕು ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಕನ್ನಡದಲ್ಲಿ "ಅಣ್ಣಾ ತಡಿ ತಡಿ" ಎನ್ನುವಷ್ಟರಲ್ಲಿ ಅವರು ಇನ್ನೆರಡು ಅಡಿ ತಳ್ಳಿರುತ್ತಾರೆ.

ಎಂಜಿನ್ ಆಫ್ ಇರಲಿ. ಗೇರ್ ಹಾಕಿ ಎಂಜಿನ್ ಬಲದಿಂದ ಏರಿಸುವ ಹುಂಬತನ ಬೇಡ, ತುಟಿ ಕಿತ್ತುಕೊಂಡು ರ‍್ಯಾಂಪ್ ಹಿಂದಕ್ಕೆ ಹೋಗುವುದು ಇದರಿಂದಲೇ ಹೆಚ್ಚು. ನ್ಯೂಟ್ರಲ್ ಕೂಡ ಬೇಡ. ಮೊದಲ ಗೇರಿನಲ್ಲಿಟ್ಟು ಕ್ಲಚ್ ಪೂರ್ತಿ ಹಿಡಿದು ತಳ್ಳಿ. ನಡುವೆ ನಿಲ್ಲಬೇಕಾದರೆ ಕ್ಲಚ್ ಬಿಡಿ, ಹಿಂದಿನ ಚಕ್ರ ಗಕ್ಕನೆ ನಿಲ್ಲುತ್ತದೆ. ಇಳಿಜಾರಿನಲ್ಲಿ ಭಾರ ಹೆಚ್ಚಾಗಿ ಹಿಂದಿನ ಚಕ್ರದ ಮೇಲಿರುವುದರಿಂದ ಮುಂದಿನ ಬ್ರೇಕ್ ಒಂದೇ ಹಿಡಿದರೆ ಒದ್ದೆ ಕಬ್ಬಿಣದ ಮೇಲೆ ಚಕ್ರ ತಿರುಗದೆಯೂ ಜಾರಬಹುದು. ಸ್ಕೂಟರಿನಲ್ಲಿ ಈ ಕ್ಲಚ್ ಉಪಾಯ ನಡೆಯದು, ಎಂಜಿನ್ ಆಫ್ ಇದ್ದಾಗ ಅದರ ಕ್ಲಚ್ ತಾನಾಗಿ ಚಕ್ರವನ್ನು ಎಂಜಿನ್ನಿನಿಂದ ಬೇರ್ಪಡಿಸಿರುತ್ತದೆ. ಎಡಗೈಯ ಹಿಂದಿನ ಬ್ರೇಕೇ ಗತಿ. ಎಲೆಕ್ಟ್ರಿಕ್ ಸ್ಕೂಟರಾದರೆ ಸ್ವಿಚ್ ಕಡ್ಡಾಯವಾಗಿ ಆಫ್. ಗಾಬರಿಯಲ್ಲಿ ಬಲಗೈ ತಿರುಗಿದರೆ ಸದ್ದಿಲ್ಲದೆ ನುಗ್ಗುತ್ತದೆ.

ಏರಿಸುವಾಗ ಒಂದೇ ಓಟ, ಅರ್ಧಕ್ಕೆ ನಿಂತು ಉಸಿರು ತೆಗೆದುಕೊಳ್ಳುವ ಲೆಕ್ಕ ಬೇಡ. ಅಂಚು ದಾಟುವಾಗ ಮಾತ್ರ ನಿಧಾನ.

ಕಟ್ಟುವುದು

ಮುಂದಿನ ಚಕ್ರವನ್ನು ಕ್ಯಾಬಿನ್ ಗೋಡೆಗೆ ಹಳೇ ಟೈರ್ ಇಟ್ಟು ಒತ್ತಿ ನಿಲ್ಲಿಸಿ. ಸೆಂಟರ್ ಸ್ಟ್ಯಾಂಡ್ ಹಾಕಬೇಡಿ, ಸತಾರಾ ದಾರಿಯ ಖಂಬಾಟ್ಕಿಯಂಥ ಘಾಟಿನ ತಿರುವಿನಲ್ಲಿ ಅದು ನಿಲ್ಲುವುದಿಲ್ಲ. ಎರಡೂ ಚಕ್ರದ ಮೇಲೆ ನೆಟ್ಟಗೆ ನಿಲ್ಲಿಸಿ ನಾಲ್ಕು ರ‍್ಯಾಚೆಟ್ ಬೆಲ್ಟ್ ಬಿಗಿಯಿರಿ: ಮುಂದಿನ ಎರಡು ಕೆಳಗಿನ ಟೀಯಿಂದ ಓರೆಯಾಗಿ ಮುಂದಕ್ಕೆ, ಕೆಳಕ್ಕೆ, ಹಿಂದಿನ ಎರಡು ಫ್ರೇಮಿನಿಂದ ಹಿಂದಕ್ಕೆ. ಮುಂದಿನ ಶಾಕ್ ಅರ್ಧದಷ್ಟು ಕುಗ್ಗುವವರೆಗೆ ಬಿಗಿ, ಪೂರ್ತಿ ಕುಗ್ಗಿಸಿದರೆ ಫೋರ್ಕ್ ಸೀಲ್ ಸೋರಬಹುದು. ಎಡಬಲ ಸರದಿಯಂತೆ ಸ್ವಲ್ಪಸ್ವಲ್ಪ ಬಿಗಿಯುತ್ತ ಹೋಗಿ. ಬಾಡಿಯ ಅಂಚಿನ ಮೇಲೆ ಬೆಲ್ಟ್ ಹಾದು ಹೋಗುವ ಕಡೆ ಸೈಕಲ್ ಟ್ಯೂಬ್ ತುಂಡು ಕೊಡಿ. ನೈಲಾನ್ ಹಗ್ಗ ಮಳೆಯಲ್ಲಿ ಹಿಗ್ಗುತ್ತದೆ, ಅದನ್ನು ಹಾಸಿಗೆ ಗಂಟು ಕಟ್ಟಲು ಇಟ್ಟುಕೊಳ್ಳಿ. ಪೆಟ್ರೋಲ್ ಕಡಿಮೆ ಇರಲಿ, ಹಳೇ ಬೈಕಾದರೆ ಕಾಕ್ ಮುಚ್ಚಿ. ರೈಲಿನಲ್ಲಿ ಪಾರ್ಸೆಲ್ ಮಾಡುವವರಂತೆ ಟ್ಯಾಂಕ್ ಪೂರ್ತಿ ಬರಿದು ಮಾಡಬೇಕಿಲ್ಲ.

ಹುಬ್ಬಳ್ಳಿ ಕಡೆ ಹೊರಟು ಖೇಡ್ ಶಿವಾಪುರ ಟೋಲ್ ಮುಟ್ಟುವಷ್ಟರಲ್ಲಿ ಬೆಲ್ಟ್‌ಗಳು ಒಂದಿಷ್ಟು ಸಡಿಲಾಗಿರುತ್ತವೆ. ಟೋಲ್ ದಾಟಿ ಪಕ್ಕಕ್ಕೆ ನಿಲ್ಲಿಸಿ ಮತ್ತೆ ಬಿಗಿಯಿರಿ. ಆಮೇಲೆ ಚಹಾಕ್ಕೆ ನಿಂತಾಗಲೆಲ್ಲ ಒಮ್ಮೆ ಕೈ ಹಾಕಿ ನೋಡಿ.

ಇಳಿಸುವುದು

ಬೈಕ್ ಹಿಂದುಮುಂದಾಗಿಯೇ ಇಳಿಯಬೇಕು. ಮೊದಲ ಗೇರ್, ಎಂಜಿನ್ ಆಫ್, ಕ್ಲಚ್ ಸ್ವಲ್ಪಸ್ವಲ್ಪ ಹಿಡಿದು ಬಿಡುತ್ತ ಇಳಿಸಿದರೆ ಗೇರೇ ಬ್ರೇಕಾಗುತ್ತದೆ. ಒಬ್ಬ ಬಾಡಿಯೊಳಗಿಂದ ಬೆಲ್ಟ್ ಹಿಡಿದು ಬಿಡುತ್ತಿರಲಿ, ಹಿಂದೆ ನೇರವಾಗಿ ಯಾರೂ ನಿಲ್ಲುವುದು ಬೇಡ. ಹಳ್ಳಿಯಲ್ಲಾದರೆ ರ‍್ಯಾಂಪ್ ಇಳಿಸುವ ಮೊದಲು ಸುತ್ತ ಕಣ್ಣಾಡಿಸಿ. ಬಾಡಿಯ ಮಟ್ಟಕ್ಕೆ ಬರುವ ಬದುವೋ ಕಾಲುವೆ ಏರಿಯೋ ಸಿಕ್ಕರೆ ಪಿಕಪ್ಪನ್ನು ಅದಕ್ಕೆ ಹಿಂದುಹಿಂದಾಗಿ ತಾಗಿಸಿ, ಸಂದಿಗೆ ರ‍್ಯಾಂಪನ್ನು ಸೇತುವೆಯಂತೆ ಹಾಸಿದರೆ ಬೈಕನ್ನು ಇಬ್ಬರೇ ನಡೆಸಿಕೊಂಡು ಹೊರತರಬಹುದು.